ಬಾಯಿಲ್ಲದ ಹುಳುವಿನ ಬಾಣಂತನ

ಮಳೆಗಾಲದಲ್ಲಿ ನಮ್ಮ ಯಲ್ಲಾಪುರದ ಕಡೆ ಹುಳುಹುಪ್ಪಟೆಯ ಮಾತಿಲ್ಲದೆ ದಿನ ಕಳೆಯುವುದು ಕಷ್ಟ. ತೋಟಕ್ಕೆ ಹೋಗಿ ಬಂದವರು ಮೊದಲು ಕಾಲು ನೋಡಿಕೊಳ್ಳುತ್ತಾರೆ, ಮಾತು ಆಮೇಲೆ. ಬೆರಳ ಸಂದಿಯಲ್ಲಿ ಕಚ್ಚಿಕೊಂಡ ಉಂಬಳಕ್ಕೆ ಸುಣ್ಣ ತಾಗಿಸಿ, ಅದನ್ನು ಬಿಡಿಸಿ, ಗಾಯಕ್ಕೆ ಒಂದು ಚೂರು ಕಾಗದ ಅಂಟಿಸಿದ ಮೇಲೆಯೇ ಕವಳದ ಬಟ್ಟಲು ಮುಂದೆ ಬರುವುದು. ಆದ್ದರಿಂದ ಕಳೆದ ಮಳೆಗಾಲವೆಲ್ಲ ನಮ್ಮ ಮನೆಯ ಜಗಲಿಯ ಮೇಲೆ ಹುಳುವಿನ ವಿಷಯವೇ ನಡೆಯಿತೆಂದರೆ ನಮ್ಮೂರಿನವರಾರೂ ಆಶ್ಚರ್ಯಪಡಲಾರರು. ಆದರೆ ನಾವು ಮಾತಾಡಿದ ಹುಳು ನಮ್ಮ ತೋಟದ್ದಲ್ಲ. ನಮ್ಮ ದೇಶದ್ದೂ ಅಲ್ಲ. ಅದು ಸಮುದ್ರದ ಮೇಲ್ಮೈಯಿಂದ ಎರಡೂವರೆ ಕಿಲೋಮೀಟರು ಕೆಳಗೆ, ಬಿಸಿಲೆಂಬುದು ಎಂದೂ ತಲುಪದ ನೆಲದಲ್ಲಿ, ಬಿಸಿನೀರಿನ ಬುಗ್ಗೆಗಳ ಮಗ್ಗುಲಲ್ಲಿ ಬಾಳುವ ಹುಳು.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಈ ಹುಳುವಿನ ಉಸಾಬರಿ ಏಕೆ ಬಂತು ಎಂದು ಓದುಗರು ಕೇಳಬಹುದು. ಬಂದದ್ದು ಮಗಳಿಂದ. ಇರುವವಳು ಒಬ್ಬಳೇ. ಕಾರವಾರದಲ್ಲಿ ಕಡಲಜೀವಶಾಸ್ತ್ರ ಓದಿದಳು. ಅರಬೈಲು ಘಟ್ಟವಿಳಿದರೆ ಅಂಕೋಲೆ, ಅಲ್ಲಿಂದ ಮುಂದೆ ಕಾರವಾರ. ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರಬಹುದಾದಷ್ಟು ದೂರ ಎಂದು ನಾನೂ ಸುಮ್ಮನಿದ್ದೆ. ಓದು ಮುಗಿದ ಮೇಲೆ ಅವಳಿಗೆ ಹೊರದೇಶದ ಒಂದು ಪ್ರಯೋಗಶಾಲೆಯಿಂದ ಕರೆ ಬಂತು. ಆಳ ಸಮುದ್ರದ ಹುಳುಗಳು ಹೇಗೆ ಮರಿ ಮಾಡುತ್ತವೆ, ಆ ಮರಿಗಳು ಹೇಗೆ ಎಲ್ಲಿಂದ ಎಲ್ಲಿಗೆ ಹೋಗಿ ನೆಲೆಯೂರುತ್ತವೆ ಎಂಬುದರ ಅಭ್ಯಾಸ, ನಾಲ್ಕು ವರುಷ. ಅವಳು ಕಾಗದವನ್ನು ನನ್ನ ಕೈಗಿಟ್ಟಾಗ ನಾನು ಕನ್ನಡಕ ಹುಡುಕುವ ನೆವದಲ್ಲಿ ಒಳಗೆ ಹೋದೆ. ಹೊರಗೆ ಬಂದವನು ಸಂತೋಷವೆನ್ನುವ ಬದಲು, "ಹೋಗುವುದಾದರೆ ಹೋಗು. ನಾನು ತೋಟ ಮಾರಿ ಪೇಟೆಯಲ್ಲಿ ಮನೆ ಮಾಡುತ್ತೇನೆ. ಆಮೇಲೆ ಊರಿಗೆ ಬರುತ್ತೇನೆಂದರೆ ನಿನಗೆ ಬರಲು ಊರಿರುವುದಿಲ್ಲ," ಎಂದುಬಿಟ್ಟೆ.

ಈ ಮಾತನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ. ತರಗತಿಯಲ್ಲಿ ಹುಡುಗರಿಗೆ ಕರುಣರಸವನ್ನು ವಿವರಿಸುವವನು ಮನೆಯಲ್ಲಿ ಆಡಿದ ಮಾತು ಇದು. ಮಗಳು ಎದುರು ಮಾತಾಡಲಿಲ್ಲ. ಕಾಗದವನ್ನು ಮಡಿಸಿಕೊಂಡು ಎದ್ದುಹೋದಳು. ಹನ್ನೊಂದು ದಿವಸ ನಾವಿಬ್ಬರೂ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ, ಒಬ್ಬರೊಡನೊಬ್ಬರು ಮಾತಾಡದೆ ಕಳೆದೆವು. ಮಳೆ ಹೊಯ್ಯುತ್ತಿತ್ತು; ಮಾತಿಲ್ಲದ ಕೊರತೆಯನ್ನು ಅದೇ ತುಂಬಿಕೊಡುತ್ತಿತ್ತು.

ಹನ್ನೆರಡನೆಯ ದಿನ ಸಂಜೆ ನನ್ನ ತಾಯಿ, ಎಪ್ಪತ್ತು ದಾಟಿದ ಜೀವ, ಕಂಬಕ್ಕೊರಗಿ ಕೂತು ಕವಳ ಕುಟ್ಟುತ್ತ ಮೊಮ್ಮಗಳನ್ನು ಕೇಳಿದಳು: "ಅಲ್ದೇ ಕೂಸೇ, ನಿನ್ನ ಹುಳಕ್ಕೆ ಹೊಟ್ಟೆನೇ ಇಲ್ಯಡ, ಬಾಯಿನೇ ಇಲ್ಯಡ. ಮತ್ತೆ ಮಕ್ಕ ಆಗ್ತಡ! ಬಾಣಂತನ ಯಾರು ಮಾಡ್ತ?"

ಮಗಳು ನಕ್ಕಳು. ನಾನು ಪತ್ರಿಕೆಯ ಮರೆಯಲ್ಲಿ ಕೂತು ನಗು ತಡೆದುಕೊಂಡೆ. ಅಂದಿನಿಂದ ಪ್ರತಿ ಸಂಜೆಯೂ ಅಜ್ಜಿಯ ಪ್ರಶ್ನೆ, ಮೊಮ್ಮಗಳ ಉತ್ತರ. ನಾನು ಮಾತ್ರ ಪತ್ರಿಕೆ ಓದುವವನಂತೆ ನಟಿಸುತ್ತ ಕಿವಿಯನ್ನು ಅತ್ತ ಕೊಟ್ಟಿದ್ದೆ. ಹೀಗೆ ಕದ್ದು ಕೇಳಿ ಕಲಿತ ವಿದ್ಯೆಯನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ. ಆಮೇಲೆ ಅವಳಿಂದಲೇ ತಿದ್ದಿಸಿಕೊಂಡದ್ದೂ ಉಂಟು.

ಈ ಹುಳು ಮನುಷ್ಯರ ಕಣ್ಣಿಗೆ ಬಿದ್ದದ್ದು ೧೯೭೭ರಲ್ಲಿ. ನಾನು ಹುಟ್ಟಿದ ವರುಷವೂ ಅದೇ. ಆದರೆ ಆ ವರುಷದ ಮುಖ್ಯ ಸಂಗತಿ ಯಾವುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಪೆಸಿಫಿಕ್ ಸಾಗರದಲ್ಲಿ ಗಲಪಗೋಸ್ ದ್ವೀಪಗಳ ಸಮೀಪ, 'ಆಲ್ವಿನ್' ಎಂಬ ಪುಟ್ಟ ಮುಳುಗುಹಡಗಿನಲ್ಲಿ ಭೂವಿಜ್ಞಾನಿಗಳು ಕೆಳಗಿಳಿದಿದ್ದರು. ಭೂಮಿಯ ಚಿಪ್ಪು ಸೀಳಿಕೊಂಡು ಎರಡು ಕಡೆಗೆ ಸರಿಯುವಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕೆಂಬುದು ಅವರ ಊಹೆ. ಸಮುದ್ರದ ನೀರು ಬಿರುಕಿನಲ್ಲಿ ಇಳಿದು, ಒಳಗಿನ ಕೆಂಡದಂಥ ಬಂಡೆಗೆ ತಾಗಿ ಕಾದು, ಖನಿಜಗಳನ್ನೂ ಗಂಧಕವನ್ನೂ ಕರಗಿಸಿಕೊಂಡು ಮೇಲೆ ಬರುತ್ತದೆ. ಕೆಲವು ಬುಗ್ಗೆಗಳಲ್ಲಿ ಆ ನೀರಿನ ಕಾವು ೩೫೦ ಡಿಗ್ರಿಗೂ ಮೇಲೆ. ಆದರೂ ಅದು ಕುದಿಯುವುದಿಲ್ಲ, ಮೇಲೆ ನಿಂತ ನೀರಿನ ಭಾರ ಕುದಿಯಗೊಡುವುದಿಲ್ಲ. ಬುಗ್ಗೆ ಸಿಕ್ಕಿತು. ಅದರ ಸುತ್ತ ಯಾರೂ ಎಣಿಸದಿದ್ದ ಒಂದು ತೋಟವೂ ಸಿಕ್ಕಿತು. ಆಳೆತ್ತರದ ಬಿಳಿಯ ಕೊಳವೆಗಳು ಗುಂಪು ಗುಂಪಾಗಿ ನಿಂತಿವೆ. ಒಂದೊಂದರ ತುದಿಯಲ್ಲೂ ರಕ್ತದಂತೆ ಕೆಂಪಗಿನ ಗರಿ. ಹಡಗಿನಲ್ಲಿ ಜೀವಶಾಸ್ತ್ರ ಬಲ್ಲವರು ಒಬ್ಬರೂ ಇರಲಿಲ್ಲ. ಸಿಕ್ಕ ಪ್ರಾಣಿಗಳನ್ನು ಕೆಡದಂತೆ ಇಡಲು ತಕ್ಕಷ್ಟು ಮದ್ದೂ ಇರಲಿಲ್ಲ. ಕೊನೆಗೆ ಕೆಲವನ್ನು ಪನಾಮದಲ್ಲಿ ಕೊಂಡಿದ್ದ ರಷ್ಯದ ವೋಡ್ಕದಲ್ಲಿ ಅದ್ದಿಟ್ಟರಂತೆ. ನನ್ನ ತಾಯಿಗೆ ಈ ಸಂಗತಿ ಹಿಡಿಸಲಿಲ್ಲ. ಸತ್ತ ಮೇಲಾದರೂ ಆ ಹುಳುವಿಗೆ ಇಂಥ ಗತಿ ಬರಬಾರದಾಗಿತ್ತು ಎಂದಳು.

ನಮ್ಮ ಮನೆಯ ಕಪಾಟಿನಲ್ಲಿ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳಿವೆ. ಚಿಕ್ಕಂದಿನಲ್ಲಿ ನನ್ನ ವಿಜ್ಞಾನವೆಲ್ಲ ಅದರಿಂದ ಬಂದದ್ದು. ಅಭ್ಯಾಸಬಲದಿಂದ ಈ ಹುಳುವನ್ನು ಅದರಲ್ಲಿ ಹುಡುಕಿದೆ. ಆಮೇಲೆ ಹೊಳೆಯಿತು: ಆ ಸಂಪುಟಗಳು ಬಂದದ್ದು ೧೯೭೭ಕ್ಕಿಂತ ಮೊದಲೇ. ಕಾರಂತರಂಥವರೂ ಬರೆಯಲಾಗದಿದ್ದ ಸಂಗತಿಯೊಂದನ್ನು ನನ್ನ ಮಗಳು ಜಗಲಿಯ ಮೇಲೆ ಕೂತು ಅಜ್ಜಿಗೆ ಹೇಳುತ್ತಿದ್ದಾಳಲ್ಲಾ ಎಂದು ಆಗ ಒಂದು ಕ್ಷಣ ಹೆಮ್ಮೆಯಾಯಿತು. ಆದರೆ ಮಾತು ಬಿಟ್ಟವನು ಹೆಮ್ಮೆಯನ್ನು ಯಾರೊಡನೆ ಹೇಳಿಕೊಳ್ಳಬೇಕು?

ಹುಳುವಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ ಎಂಬುದು ನಿಜ. ಹಾಗಾದರೆ ಎರಡು ಮೀಟರು ಬೆಳೆಯುವುದು ಹೇಗೆ? ಇದನ್ನು ಬಿಡಿಸಿದವಳು ಹಾರ್ವರ್ಡಿನ ಒಬ್ಬ ವಿದ್ಯಾರ್ಥಿನಿ, ಕಾಲೀನ್ ಕ್ಯಾವನಾ. ೧೯೮೦ರಲ್ಲಿ ಮೆರೆಡಿತ್ ಜೋನ್ಸ್ ಎಂಬ ವಿದ್ವಾಂಸರು ಈ ಹುಳುವಿನ ಮೇಲೆ ಉಪನ್ಯಾಸ ಮಾಡುತ್ತ, ಅದರ ಒಡಲಲ್ಲಿ ಗಂಧಕದ ಹರಳುಗಳಿವೆ ಎಂದರು. ಆಕೆ ಅಲ್ಲಿಯೇ ಎದ್ದು ನಿಂತು, ಹಾಗಾದರೆ ಗಂಧಕವನ್ನುಂಡು ಬದುಕುವ ಬ್ಯಾಕ್ಟೀರಿಯಗಳು ಒಳಗೇ ಇರಬೇಕು ಎಂದಳಂತೆ. ನನ್ನ ಉಪನ್ಯಾಸದ ನಡುವೆ ಹುಡುಗರು ಏಳುವುದು ಬಸ್ಸಿಗೆ ಹೊತ್ತಾಯಿತೆಂದು ಹೇಳುವುದಕ್ಕೆ ಮಾತ್ರ. ಆಕೆ ಹೇಳಿದ್ದು ನಿಜವಾಯಿತು. ಹುಳುವಿನ ಒಡಲಿನ ಒಂದು ದೊಡ್ಡ ಭಾಗವೇ ಈ ಅತಿಥಿಗಳ ಬಿಡಾರ. ಕೆಂಪು ಗರಿ ನೀರಿನಿಂದ ಆಮ್ಲಜನಕವನ್ನೂ, ನಮಗೆ ವಿಷವಾದ ಗಂಧಕದ ಅನಿಲವನ್ನೂ ಹೀರಿ ರಕ್ತದ ಮೂಲಕ ಒಳಗೆ ಕಳಿಸುತ್ತದೆ, ಒಳಗಿನವರು ಅದರ ಬಲದಿಂದ ಅಡಿಗೆ ಮಾಡುತ್ತಾರೆ, ಹುಳು ಉಣ್ಣುತ್ತದೆ. ಬಾಣಂತನದ ಮಾತಿರಲಿ, ದಿನದ ಅಡಿಗೆಗೂ ಅದು ಅತಿಥಿಗಳನ್ನೇ ನಂಬಿದೆ.

ಇದರ ಗೋತ್ರ ಯಾವುದೆಂಬುದರ ಮೇಲೆ ಪಂಡಿತರಲ್ಲಿ ವಾದ ನಡೆಯಿತು. ೧೯೮೫ರಲ್ಲಿ ಜೋನ್ಸರು ಇದಕ್ಕೂ ಇದರ ಬಳಗಕ್ಕೂ ಬೇರೆಯೇ ಒಂದು ವಂಶವನ್ನು ಕಟ್ಟಿಕೊಟ್ಟರು. ಆಮೇಲೆ ಮೈಯ ತುದಿಯಲ್ಲಿರುವ ಉಂಗುರಗಳನ್ನೂ ಮರಿಯ ಲಕ್ಷಣವನ್ನೂ ವಂಶವಾಹಿಗಳನ್ನೂ ನೋಡಿ, ಇದು ಉಂಗುರಹುಳುಗಳ ಮನೆತನದ್ದೇ ಎಂದು ತೀರ್ಮಾನವಾಯಿತು. ಎಂದರೆ ನಮ್ಮ ತೋಟದ ಎರೆಹುಳುವಿಗೂ, ಕಾಲಿಗೆ ಹತ್ತುವ ಉಂಬಳಕ್ಕೂ ಇದು ದೂರದ ದಾಯಾದಿ. ಈ ಸಂಬಂಧ ತಿಳಿದ ದಿನ ನನ್ನ ತಾಯಿಗೆ ಹುಳುವಿನ ಮೇಲೆ ವಿಶ್ವಾಸ ಹೆಚ್ಚಿತು.

ನನಗೆ ಎರೆಹುಳುವಿನ ಸಂಸಾರ ಸ್ವಲ್ಪ ಗೊತ್ತು. ಒಂದೊಂದು ಎರೆಹುಳುವೂ ಗಂಡೂ ಹೌದು, ಹೆಣ್ಣೂ ಹೌದು, ಅರ್ಧನಾರೀಶ್ವರ. ಹಾಗಿದ್ದೂ ಅದಕ್ಕೆ ಜೊತೆ ಬೇಕು. ಎರಡು ಹುಳುಗಳು ತಲೆ ಬಾಲ ತಿರುಗುಮುರುಗಾಗಿ ಒಂದಕ್ಕೊಂದು ಒರಗಿ ಮಲಗಿ ಬೀಜವನ್ನು ಬದಲಾಯಿಸಿಕೊಳ್ಳುತ್ತವೆ. ಆಮೇಲೆ ಕೊರಳ ಹತ್ತಿರದ ಪಟ್ಟಿಯಿಂದ ಒಂದು ಲೋಳೆಯ ಬಳೆ ಹುಟ್ಟುತ್ತದೆ. ಹುಳು ಹಿಂದಕ್ಕೆ ಸರಿದಂತೆ ಬಳೆ ಮುಂದಕ್ಕೆ ಜಾರಿ, ದಾರಿಯಲ್ಲಿ ಮೊಟ್ಟೆಗಳನ್ನೂ ಕೂಡಿಟ್ಟ ಬೀಜವನ್ನೂ ತುಂಬಿಕೊಂಡು, ತಲೆಯಿಂದ ಕಳಚಿ ಬಿದ್ದು, ಎರಡು ತುದಿಯನ್ನೂ ಮುಚ್ಚಿಕೊಂಡು ಗೂಡಾಗುತ್ತದೆ. ಗೂಡು ಬೀಳುವುದು ಅದೇ ಮಣ್ಣಿನಲ್ಲಿ. ಮರಿ ಹೊರಗೆ ಬಂದಾಗ ಅದು ಆಗಲೇ ಪುಟ್ಟ ಎರೆಹುಳು. ತಾಯಿ ತಿಂದ ಮಣ್ಣನ್ನೇ ತಿನ್ನತೊಡಗುತ್ತದೆ. ಇದು ನಮ್ಮ ಅಡಿಕೆ ತೋಟದವರ ಪದ್ಧತಿ. ಅಜ್ಜ ನೆಟ್ಟ ಮರದ ಅಡಿಕೆಯನ್ನು ಮೊಮ್ಮಗ ಕೊಯ್ಯಬೇಕು. ಬೆಟ್ಟದ ಸೊಪ್ಪು ಅದೇ ತೋಟದ ಬುಡಕ್ಕೆ ಬೀಳಬೇಕು. ಜಗತ್ತಿನಲ್ಲಿ ಮಕ್ಕಳನ್ನು ಬೆಳೆಸುವ ಕ್ರಮ ಇದೊಂದೇ ಎಂದು ನಾನು ತಿಳಿದಿದ್ದೆ.

ಕೊಳವೆ ಹುಳುವಿನ ಕ್ರಮ ಬೇರೆ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕೊಳವೆ ಬಿಟ್ಟು ಯಾರೂ ಕದಲುವಂತಿಲ್ಲ. ಗಂಡು ಬೀಜದ ಕಟ್ಟುಗಳನ್ನು ನೀರಿಗೆ ಬಿಡುತ್ತದೆ, ಬೆಳ್ಳಗೆ ಹೊಗೆ ಬಿಟ್ಟಂತೆ. ಪಕ್ಕದ ಹೆಣ್ಣಿಗೆ ತಲುಪಿದ ಬೀಜ ಆಕೆಯ ಒಡಲಲ್ಲಿ ಉಳಿದಿರುತ್ತದೆ. ಕಾಲ ಬಂದಾಗ ಹೆಣ್ಣು ಮೊಟ್ಟೆಗಳನ್ನು ನೀರಿಗೆ ಬಿಡುತ್ತಾಳೆ. ಒಂದೊಂದು ಮೊಟ್ಟೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದರಲ್ಲಿ ತಾಯಿ ಇಟ್ಟುಕೊಟ್ಟದ್ದು ಇಷ್ಟು ಕೊಬ್ಬು. ಅದರಿಂದ ಮೊಟ್ಟೆ ತೇಲುತ್ತದೆ. ಅದರಿಂದಲೇ ಮರಿಯೂ ಬದುಕಬೇಕು, ಏಕೆಂದರೆ ಮರಿ ದಾರಿಯಲ್ಲಿ ಏನನ್ನೂ ತಿನ್ನುವುದಿಲ್ಲ. ನೀರು ಎರಡು ಡಿಗ್ರಿಯ ಕೊರೆಯುವ ಚಳಿ. ಮೇಲಿನ ಭಾರ ನಾವು ಹೊತ್ತಿರುವ ಗಾಳಿಯ ಭಾರದ ಇನ್ನೂರೈವತ್ತು ಪಟ್ಟು. ಅಷ್ಟೇ ಚಳಿಯನ್ನೂ ಭಾರವನ್ನೂ ಪ್ರಯೋಗಶಾಲೆಯ ಪಾತ್ರೆಯಲ್ಲಿ ಏರ್ಪಡಿಸಿ ಮರಿಗಳನ್ನು ಸಾಕಿ ನೋಡಿದವರಿದ್ದಾರೆ. ೨೦೦೧ರಲ್ಲಿ ಅವರು ಹೇಳಿದ ಲೆಕ್ಕ: ಬುತ್ತಿ ಸಾಲುವುದು ಸುಮಾರು ೩೮ ದಿವಸ. ಅಷ್ಟರೊಳಗೆ ಪ್ರವಾಹ ಅದನ್ನು ನೂರು ಕಿಲೋಮೀಟರಿನಷ್ಟು ಒಯ್ಯಬಲ್ಲದು, ಎಷ್ಟೋ ಸಲ ಅದಕ್ಕೂ ಕಡಮೆ. ನೂರು ಕಿಲೋಮೀಟರೆಂದರೆ ಹೆಚ್ಚು ಕಡಮೆ ಯಲ್ಲಾಪುರದಿಂದ ಕಾರವಾರ. ಅಷ್ಟರಲ್ಲಿ ಇನ್ನೊಂದು ಬುಗ್ಗೆ ಸಿಕ್ಕಬೇಕು. ಸಿಕ್ಕದಿದ್ದರೆ ಕತೆ ಮುಗಿಯಿತು. ಬಹುಪಾಲು ಮರಿಗಳ ಕತೆ ಹಾಗೆಯೇ ಮುಗಿಯುತ್ತದೆ.

ಇಲ್ಲಿ ತಾಯಿ ಕವಳ ಕುಟ್ಟುವುದನ್ನು ನಿಲ್ಲಿಸಿದಳು. "ಮೂವತ್ತೆಂಟೇ ದಿನವಾ?" ಎಂದು ಎರಡು ಸಲ ಕೇಳಿದಳು.

ನನಗೆ ಪತ್ರಿಕೆಯ ಮರೆಯಲ್ಲಿ ಕೂತಿರುವುದು ಆಗಲಿಲ್ಲ. "ಅಷ್ಟು ಕಷ್ಟಪಟ್ಟು ಹೋಗುವುದೇಕೆ? ಇದ್ದ ಬುಗ್ಗೆಯ ಪಕ್ಕದಲ್ಲೇ ಕೂರಬಾರದೆ?" ಎಂದು ಕೇಳಿಬಿಟ್ಟೆ. ಹದಿನೇಳು ದಿನಗಳ ಮೇಲೆ ನಾನು ಮಗಳಿಗೆ ಆಡಿದ ಮೊದಲ ಮಾತು ಅದು. ಹುಳುವಿನ ವಿಷಯವಾದ್ದರಿಂದ ಇಬ್ಬರ ಮಾನವೂ ಉಳಿಯಿತು.

"ಕೆಲವು ಕೂರುತ್ತವೆ ಅಪ್ಪಾ. ಆದರೆ ಬುಗ್ಗೆಯೇ ಬಹಳ ದಿನ ಉಳಿಯುವುದಿಲ್ಲವಲ್ಲ," ಎಂದಳು.

ಆಮೇಲೆ ವಿವರಿಸಿದಳು. ಬುಗ್ಗೆಯ ಆಯುಷ್ಯ ಕೆಲವು ಕಡೆ ಕೆಲವೇ ವರುಷ, ಕೆಲವು ಕಡೆ ಕೆಲವು ದಶಕ. ಒಳಗಿನ ದಾರಿ ಕಟ್ಟಿಕೊಂಡರೆ ಕಾವು ಆರುತ್ತದೆ. ಇಲ್ಲವೆ ಬೆಂಕಿಬಂಡೆ ಉಕ್ಕಿ ಎಲ್ಲವನ್ನೂ ಮುಚ್ಚುತ್ತದೆ. ೧೯೯೧ರ ಏಪ್ರಿಲಿನಲ್ಲಿ, ಮೆಕ್ಸಿಕೋದ ದಕ್ಷಿಣಕ್ಕೆ ಪೆಸಿಫಿಕ್ ಸಾಗರದ ಒಂದು ಏಣಿನ ಮೇಲೆ ಆಲ್ವಿನ್ ಇಳಿದಾಗ ನೆಲ ಆಗತಾನೆ ಉಕ್ಕಿ ತಣಿಯುತ್ತಿತ್ತು. ಸುಟ್ಟ ಹುಳುಗಳ ಚೂರುಗಳು ಅಲ್ಲಲ್ಲಿ ಬಿದ್ದಿದ್ದವು. ವರುಷ ಕಳೆಯುವುದರೊಳಗೆ ಅಲ್ಲಿ ಸಣ್ಣ ಜಾತಿಯ ಕೊಳವೆ ಹುಳುಗಳು ಬಂದು ಕೂತಿದ್ದವು. ೧೯೯೩ರ ಕೊನೆಗೆ ದೊಡ್ಡ ಹುಳುಗಳ ಕಾಡೇ ಎದ್ದು ನಿಂತಿತ್ತು; ಒಂದೊಂದು ಕೊಳವೆ ಒಂದೂವರೆ ಮೀಟರು. ವರುಷಕ್ಕೆ ೮೫ ಸೆಂಟಿಮೀಟರಿಗಿಂತ ಹೆಚ್ಚಿನ ಬೆಳವಣಿಗೆ ಎಂದು ಲೆಕ್ಕ ಹಾಕಿದರು. ಆ ಮರಿಗಳೆಲ್ಲ ಬೇರೆ ಯಾವುದೋ ಬುಗ್ಗೆಯ ತಾಯಂದಿರು ಕತ್ತಲೆಗೆ ಬಿಟ್ಟುಕೊಟ್ಟವು. ಎಲ್ಲ ಮರಿಗಳೂ ತಾಯಿಯ ಪಕ್ಕದಲ್ಲೇ ಕೂತಿದ್ದರೆ ಒಂದು ಬುಗ್ಗೆ ಆರಿದ ದಿನವೇ ಆ ವಂಶವೂ ಮುಗಿಯುತ್ತಿತ್ತು.

ಆಗ ನನ್ನ ತಾಯಿ, ಯಾರನ್ನೂ ನೋಡದೆ, ಅಂಗಳದ ಮಳೆಯನ್ನು ನೋಡುತ್ತ ಹೇಳಿದಳು: "ಯನ್ನ ಅಪ್ಪನಮನೆಯೂ ನೀರಡಿಗೇ ಇದ್ದು."

ನಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕದ ಕೊನೆಗೆ ಕಾಳಿ ನದಿಗೆ ಕೊಡಸಳ್ಳಿಯಲ್ಲಿ ಅಣೆಕಟ್ಟಾಯಿತು. ೧೨೦ ಮೆಗಾವ್ಯಾಟ್ ವಿದ್ಯುತ್ತು ಬಂತು. ಹಿನ್ನೀರಿನಲ್ಲಿ ಮನೆಗಳೂ ಅಡಿಕೆ ತೋಟಗಳೂ ಹೋದವು. ನನ್ನ ಸೋದರಮಾವಂದಿರ ತೋಟವೂ ಅದರಲ್ಲಿ ಒಂದು. ನಾನು ಆಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ತಾಯಿ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾವಂದಿರ ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ನೆಲೆ ಕಂಡುಕೊಂಡರು. ಹುಬ್ಬಳ್ಳಿಯಲ್ಲಿ ಒಬ್ಬ, ಬೆಂಗಳೂರಿನಲ್ಲಿ ಇಬ್ಬರು. ಊರೆಂಬುದು ಎಂದೆಂದಿಗೂ ಇದ್ದಲ್ಲೇ ಇರುತ್ತದೆ, ಬಿಟ್ಟುಹೋಗುವವರು ಮಾತ್ರ ತಪ್ಪಿತಸ್ಥರು ಎಂದು ಮಗಳಿಗೆ ಗದರಿದ ನನಗೆ, ಪಕ್ಕದಲ್ಲೇ ಕೂತಿದ್ದ ತಾಯಿಯ ತವರು ನೆನಪಿಗೆ ಬಂದಿರಲಿಲ್ಲ. ನಾಚಿಕೆಯಾಯಿತು.

ಮರಿ ಬುಗ್ಗೆಯನ್ನು ತಲುಪಿದ ಮೇಲಿನದೇ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು. ಅನ್ನ ಬೇಯಿಸಿ ಹಾಕುವ ಆ ಬ್ಯಾಕ್ಟೀರಿಯಗಳನ್ನು ತಾಯಿ ಮೊಟ್ಟೆಯಲ್ಲಿ ಇಟ್ಟು ಕಳಿಸುವುದಿಲ್ಲ. ಮರಿ ಬರಿದಾಗಿಯೇ ಬರುತ್ತದೆ. ಹೊಸ ಜಾಗದಲ್ಲಿ ಕೂತ ಮೇಲೆ ಅದಕ್ಕೆ ಸ್ವಲ್ಪ ಕಾಲ ಪುಟ್ಟ ಬಾಯಿಯೂ ಕರುಳೂ ಇರುತ್ತವೆ. ಅತಿಥಿಗಳು ಆ ಬಾಯಿಯಿಂದಲೇ ಒಳಗೆ ಹೋಗುತ್ತಾರೆಂದು ಬಹಳ ದಿನ ತಿಳಿದಿದ್ದರು. ಹಾಗಲ್ಲ, ಅಲ್ಲಿಯ ನೀರಿನಲ್ಲಿದ್ದವರು ಚರ್ಮದ ಮೂಲಕ ಒಳಹೊಗುತ್ತಾರೆ ಎಂದು ೨೦೦೬ರಲ್ಲಿ ಕಂಡುಕೊಂಡರು. ಅವರು ನೆಲೆಯೂರಿದ ಮೇಲೆ ಬಾಯಿ ಮುಚ್ಚಿಹೋಗುತ್ತದೆ, ಕರುಳೂ ಅಳಿಯುತ್ತದೆ. ಹುಳು ದೊಡ್ಡದಾಯಿತೆಂದರೆ ಇನ್ನು ಬಾಯಿ ಬೇಡ. ಪ್ರತಿಯೊಂದು ಮರಿಯೂ ಬಾಳಿನ ಮುಖ್ಯ ಆಸರೆಯನ್ನು ತಾಯಿಯಿಂದಲ್ಲ, ತಾನು ಹೋಗಿ ಸೇರಿದ ಜಾಗದಿಂದಲೇ ಪಡೆಯಬೇಕು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾಷೆ ತಾಯಿಯ ಹಾಲಿನೊಡನೆ ಬರುತ್ತದೆ ಎಂದು ನಾನು ಇಪ್ಪತ್ತು ವರುಷದಿಂದ ತರಗತಿಯಲ್ಲಿ ಹೇಳುತ್ತ ಬಂದವನು. ಆದರೆ ನಾನು ಬಾಳುವುದಕ್ಕೆ ಆಧಾರವಾದ ಕನ್ನಡ ನನಗೆ ಎಲ್ಲಿಂದ ಬಂತು? ಮನೆಯಲ್ಲಿ ನಾವಾಡುವುದು ಹವ್ಯಕರ ಮಾತು. ಅದು ನನ್ನ ಬುತ್ತಿ. ಪಂಪನೂ ಕುಮಾರವ್ಯಾಸನೂ ನನ್ನೊಳಗೆ ಸೇರಿದ್ದು ಧಾರವಾಡದಲ್ಲಿ, ಯಾರದೋ ಪಾಠದಲ್ಲಿ, ಯಾರದೋ ಕೋಣೆಯ ಚರ್ಚೆಯಲ್ಲಿ. ಯಾವ ದಾರಿಯಿಂದ ಒಳಗೆ ಬಂದರೋ ನನಗೇ ತಿಳಿಯದು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ನನ್ನ ತಂದೆ ನಾನು ಹೊರಟ ದಿನ ಒಂದು ಚೀಲ ಅಕ್ಕಿ, ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟು ಬಸ್ಸು ಹತ್ತಿಸಿದ್ದರು. ತೋಟ ಮಾರುತ್ತೇನೆಂದು ಹೇಳಲಿಲ್ಲ. ಹಾಗೆ ಹೇಳಲು ಅವರಿಗೆ ನನಗಿಂತ ಹೆಚ್ಚು ಕಾರಣವಿತ್ತು. ನಾನೂ ಅವರಿಗೆ ಒಬ್ಬನೇ ಮಗ.

ಬೆಳಗ್ಗೆ ಮಗಳ ಹತ್ತಿರ ಹೋಗಿ, "ತೋಟ ಮಾರುವುದಿಲ್ಲ," ಎಂದೆ. ಬೇರೆ ಮಾತು ತೋಚಲಿಲ್ಲ. ಅವಳು, "ಗೊತ್ತು," ಎಂದಳು. ಆಮೇಲೆ ಪಾಸ್‌ಪೋರ್ಟಿನ ಕಾಗದಗಳನ್ನು ತಂದು ನನ್ನ ಮುಂದೆ ಹರವಿದಳು.

ಅನಂತರದ ಸಂಜೆಗಳಲ್ಲಿ ನಾನು ಪತ್ರಿಕೆಯನ್ನು ಬದಿಗಿಟ್ಟು ಕೇಳಿದೆ. ಪಾಂಪೇ ಹುಳುವೆಂಬ ಇನ್ನೊಂದಿದೆಯಂತೆ. ಇನ್ನೂ ಬಿಸಿಯಾದ ಜಾಗದಲ್ಲಿ ಗೂಡು ಮಾಡುತ್ತದೆ. ಅದರ ಭ್ರೂಣ ಎರಡು ಡಿಗ್ರಿಯ ನೀರಿಗೆ ಬಿದ್ದರೆ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ, ಇದ್ದಂತೆಯೇ ನಿಂತುಬಿಡುತ್ತದೆ. ಬೆಚ್ಚನೆಯ ನೀರು ತಾಗಿದರೆ ಬಿಟ್ಟಲ್ಲಿಂದ ಮತ್ತೆ ಬೆಳೆಯತೊಡಗುತ್ತದೆ. ಫ್ರಾನ್ಸಿನವರು ೨೦೦೧ರಲ್ಲಿ ಇದನ್ನು ತೋರಿಸಿದರು. ಕಾವು ಇಪ್ಪತ್ತು ಡಿಗ್ರಿಗೆ ಏರಿದರೆ ಭ್ರೂಣ ಸಾಯುತ್ತದೆ. ತಾಯಿಯ ಗೂಡಿನ ಬಿಸಿ ಅದಕ್ಕೆ ತಡೆಯದು. "ಅತಿ ಬಿಸಿಯ ಮನೆಯಲ್ಲಿ ಮಕ್ಕ ಬೆಳೀತ್ವಿಲ್ಲೆ," ಎಂದು ತಾಯಿ ನನ್ನನ್ನೇ ನೋಡಿದಳು.

ಇದೆಲ್ಲ ಪೆಸಿಫಿಕ್ ಸಾಗರದ ಸಮಾಚಾರ. ನಮ್ಮ ಕಡಲಿನದೇನು ಎಂದು ಕೇಳಿದೆ. ನಮ್ಮಲ್ಲೂ ಉಂಟು. ೨೦೦೦ದಲ್ಲಿ ಜಪಾನಿನವರು ಹಿಂದೂ ಮಹಾಸಾಗರದ ನಡು ಏಣಿನ ಮೇಲೆ 'ಕೈರೇಯ್' ಎಂಬ ಬುಗ್ಗೆಗಳನ್ನು ಕಂಡರು. ಮರುವರುಷ ಅಲ್ಲಿ ಕಾಲಿಗೆ ಕಬ್ಬಿಣದ ಹೊದಿಕೆಯಿರುವ ಶಂಖದ ಹುಳು ಸಿಕ್ಕಿತು. ಅರಬ್ಬೀ ಸಮುದ್ರದಾಚೆ ಕಾರ್ಲ್ಸ್‌ಬರ್ಗ್ ಏಣಿನ ಬುಗ್ಗೆಗಳಲ್ಲಿ ಸಿಕ್ಕಿದ, ಪಾಂಪೇ ಹುಳುವಿನ ಒಬ್ಬ ದಾಯಾದಿಗೆ ೨೦೨೧ರಲ್ಲಿ ಪ್ಯಾರಾಲ್ವಿನೆಲ್ಲ ಮಿರ ಎಂದು ಹೆಸರಿಟ್ಟರು. ಆ ಮನೆತನ ಪೆಸಿಫಿಕ್ ಬಿಟ್ಟು ಬೇರೆಲ್ಲೂ ಇಲ್ಲವೆಂದು ಅಲ್ಲಿಯವರೆಗೆ ನಂಬಿದ್ದರು. ೨೦೨೪ರ ಡಿಸೆಂಬರಿನಲ್ಲಿ ಗೋವೆಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರೂ ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆಯವರೂ ಕೂಡಿ, ೪,೫೦೦ ಮೀಟರು ಆಳದ ಒಂದು ಬುಗ್ಗೆಯ ಚಿತ್ರ ತೆಗೆದರು.

ಆ ಬುಗ್ಗೆಗಳ ಸುತ್ತ ಬೆಲೆಬಾಳುವ ಲೋಹಗಳೂ ಇವೆ. ಅವನ್ನು ಹುಡುಕಿ ನೋಡಲು ೨೦೧೬ರಲ್ಲಿ ನಮ್ಮ ದೇಶ ಹಿಂದೂ ಮಹಾಸಾಗರದ ತಳದಲ್ಲಿ ಹತ್ತು ಸಾವಿರ ಚದರ ಕಿಲೋಮೀಟರಿಗೆ ಒಪ್ಪಂದ ಮಾಡಿಕೊಂಡಿದೆ. ಗಣಿಗಾರಿಕೆಯ ಭಯದಿಂದ ಆ ಕಬ್ಬಿಣದ ಶಂಖದ ಹುಳು ೨೦೧೯ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿತು. ಯಾವ ಬುಗ್ಗೆಯ ಮರಿ ಯಾವ ಬುಗ್ಗೆಗೆ ಹೋಗಿ ಸೇರುತ್ತದೆಂದು ಮೊದಲು ತಿಳಿಯದಿದ್ದರೆ, ಒಂದನ್ನು ಕೆದಕಿದಾಗ ಎಷ್ಟು ಮನೆಗಳು ಮುಳುಗುತ್ತವೆಂದು ಲೆಕ್ಕ ಸಿಕ್ಕುವುದಿಲ್ಲ ಎಂದಳು ಮಗಳು. ಮುಳುಗುವ ಮನೆಗಳ ಲೆಕ್ಕವನ್ನು ಮೊದಲು ಹಾಕಬೇಕೆಂಬ ಮಾತು ನಮ್ಮ ಜಗಲಿಯಲ್ಲಿ ಎಲ್ಲರಿಗೂ ಅರ್ಥವಾಯಿತು. ಅವಳು ಏಕೆ ಹೋಗುತ್ತಿದ್ದಾಳೆಂಬುದು ನನಗೆ ಅಂದು ತಿಳಿಯಿತು.

ಇನ್ನೊಂದು ಸಂಗತಿಯನ್ನು ಹೇಳಿ ಹುಳುವಿನ ಕತೆ ಮುಗಿಸುತ್ತೇನೆ. ಬುಗ್ಗೆ ಆರಿ ದೊಡ್ಡ ಹುಳು ಸತ್ತಾಗ, ಒಳಗಿದ್ದ ಅತಿಥಿಗಳೆಲ್ಲ ಅದರೊಡನೆ ಸಾಯುವುದಿಲ್ಲ. ಅವು ಒಡಲಿನಿಂದ ಹೊರಗೆ ಬಂದು ಮತ್ತೆ ಸಮುದ್ರದ ನೀರಿಗೆ ಸೇರುತ್ತವೆ. ೨೦೧೫ರಲ್ಲಿ ಇದನ್ನು ಕಂಡರು. ಎಲ್ಲೋ ಇನ್ನಾವುದೋ ತಾಯಿಯ ಮರಿ ಬರಿದಾಗಿ ಬಂದು ಕೂತಾಗ ಅದರ ಚರ್ಮವನ್ನು ಹೊಗುವವರು ಇವರೇ ಇರಬಹುದು. ಪಾಠ ಹೇಳುವವನಿಗೆ ಇದರಲ್ಲಿ ಸ್ವಲ್ಪ ಸಮಾಧಾನವುಂಟು. ನನ್ನ ಮಗಳೊಳಗೆ ನಾನು ಇಟ್ಟುಕೊಡಲಾಗದ್ದನ್ನು ದೂರದ ಯಾರೋ ಕೊಡುತ್ತಾರೆ. ಯಾರೋ ಕಳಿಸಿದ ಹುಡುಗರು ನಾಳೆ ಬೆಳಗ್ಗೆ ಹತ್ತು ಗಂಟೆಗೆ ನನ್ನ ಮುಂದೆ ಬಂದು ಕೂರುತ್ತಾರೆ.

ಭಾದ್ರಪದ ಮಾಸದಲ್ಲಿ ಮಗಳು ಹೊರಟಳು. ಹೊರಡುವ ಹಿಂದಿನ ವಾರ ಮನೆಯಲ್ಲಿ ಬುತ್ತಿಯ ಸಂಭ್ರಮ. ಅಪ್ಪೆಮಿಡಿಯ ಉಪ್ಪಿನಕಾಯಿ, ಚಟ್ನಿಪುಡಿ, ಹಲಸಿನ ಹಪ್ಪಳ, ತೊಡೆದೇವು. ಅಷ್ಟೊಂದನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಮನೆಯವಳು ಹೇಳಿದರೂ ತಾಯಿ ಕೇಳಲಿಲ್ಲ. ದಿನಕ್ಕೆ ಒಂದು ಮ��ಡಿಯಂತೆ ಎಣಿಸಿ ಭರಣಿಗೆ ತುಂಬುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಮೂವತ್ತೆಂಟು ಹಾಕಿ ಮುಚ್ಚಳ ಬಿಗಿದಳು. "ಇಷ್ಟು ಸಾಕಾಗ್ತು," ಎಂದಳು. ಹುಬ್ಬಳ್ಳಿಯ ಬಸ್ಸು ಕಣ್ಮರೆಯಾಗುವವರೆಗೆ ನಾವು ನಿಲ್ದಾಣದಲ್ಲಿ ನಿಂತಿದ್ದೆವು. ಅಂದು ಮಳೆಯಿರಲಿಲ್ಲ.

ಕಾರ್ತಿಕದಲ್ಲಿ ಒಂದು ರಾತ್ರಿ ಅವಳ ಫೋನು ಬಂತು. ಅಲ್ಲಿಯ ಚಳಿ, ಪ್ರಯೋಗಶಾಲೆ, ಜೊತೆಯ ಹುಡುಗಿಯರು, ಅವರಿಂದ ಕಲಿತ ಯಾವುದೋ ಸೊಪ್ಪಿನ ಸಾರು, ಅವರ ಭಾಷೆಯ ನಾಲ್ಕು ಮಾತು, ಎಲ್ಲ ಹೇಳಿದಳು. ಉಪ್ಪಿನಕಾಯಿ ಎಷ್ಟು ಉಳಿದಿದೆ ಎಂದು ಕೇಳಿದೆ.

"ಅದು ಮುಗಿದು ಹದಿನೈದು ದಿನವಾಯಿತು ಅಪ್ಪಾ," ಎಂದಳು.

ತಾಯಿಗೆ ಹೇಳಿದೆ. ಅವಳು ಕವಳ ಕುಟ್ಟುವ ಕೈಯನ್ನು ನಿಲ್ಲಿಸಿ ಬೆರಳು ಮಡಿಸಿ ಎಣಿಸಿದಳು.

"ಊಟ ಮಾಡ್ತಡ, ಅಲ್ದ?"

"ಮಾಡುತ್ತಾಳಂತೆ," ಎಂದೆ.

"ಹಾಂಗಾದ್ರೆ ಸರಿ," ಎಂದು ಮತ್ತೆ ಕುಟ್ಟತೊಡಗಿದಳು.